ಐಇಇಇ 802.18

ವೈಫೈ ಮಾನಕಗಳನ್ನು ರೂಪಿಸುವ ಐಇಇಇ 802 ಸಮಿತಿಯ ರೇಡಿಯೊ ನಿಯಂತ್ರಣ ಸಲಹಾ ಗುಂಪು. ಸರ್ಕಾರಗಳು ತರಂಗಾಂತರ ಬಳಕೆಗೂ ಉಪಕರಣ ಪರೀಕ್ಷೆಗೂ ನಿಯಮಗಳನ್ನು ಪ್ರಸ್ತಾಪಿಸಿದಾಗ ತಾಂತ್ರಿಕ ಅಭಿಪ್ರಾಯ ಸಿದ್ಧಪಡಿಸುವುದು ಇದರ ಮುಖ್ಯ ಕೆಲಸ. ಇಂಥ ಗುಂಪು ಏಕೆ ಬೇಕೆಂಬುದನ್ನು 5 ಗಿಗಾಹರ್ಟ್ಸ್ ಪಟ್ಟಿಯ ಅನುಭವವೇ ಹೇಳುತ್ತದೆ. ಅದರ ಕೆಲವು ಭಾಗಗಳಲ್ಲಿ ವೈಫೈ ರೇಡಾರ್‌ನೊಂದಿಗೆ ತರಂಗಾಂತರ ಹಂಚಿಕೊಳ್ಳುತ್ತದೆ. ಅಲ್ಲಿ ಅಮೆರಿಕದ ನಿಯಮದಂತೆ ಉಪಕರಣವು ಪ್ರಸಾರಕ್ಕೆ ಮೊದಲು 60 ಸೆಕೆಂಡು ಆಲಿಸಬೇಕು. ರೇಡಾರ್ ಕಂಡರೆ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಟ್ಟು, 30 ನಿಮಿಷ ಅತ್ತ ಸುಳಿಯಬಾರದು. ಆದರೂ 2009ರಲ್ಲಿ ಪೋರ್ಟೊರಿಕೊದ ಸ್ಯಾನ್ ಹ್ವಾನ್ ವಿಮಾನ ನಿಲ್ದಾಣದ ಹವಾಮಾನ ರೇಡಾರ್‌ಗೆ ಈ ಪಟ್ಟಿಯ ಉಪಕರಣಗಳಿಂದ ಅಡಚಣೆಯಾಯಿತು. ಪ್ರಯೋಗಾಲಯದಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಉಪಕರಣ ಬಯಲಿನಲ್ಲೂ ನಿಯಮ ಪಾಲಿಸುತ್ತದೆ ಎನ್ನಲಾಗದು ಎಂಬುದು ಇದರ ಪಾಠ.

ಉಪಕರಣ ತಯಾರಿಸುವ ಕಂಪನಿಗಳವರೇ ಸದಸ್ಯರಾಗಿರುವಾಗ ಅವರ ಮಾತನ್ನು ನಂಬಬಹುದೇ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಗುಂಪಿನ ಕರಡುಗಳು ಸಾರ್ವಜನಿಕವಾಗಿ ಲಭ್ಯ. ಅಂತಿಮ ತೀರ್ಮಾನ ಸರ್ಕಾರಿ ನಿಯಂತ್ರಕರದು. ಯಾವ ಮಿತಿಯನ್ನು ಹೇಗೆ ಅಳೆಯಬೇಕು, ಆ ಅಳತೆ ಬೇರೆ ಪ್ರಯೋಗಾಲಯದಲ್ಲೂ ಅದೇ ಫಲ ಕೊಡುವುದೇ ಎಂಬುದನ್ನು ಉಪಕರಣದ ಒಳಗುಟ್ಟು ಬಲ್ಲವರೇ ಸ್ಪಷ್ಟವಾಗಿ ಹೇಳಬಲ್ಲರು. ಅಳೆಯಲಾಗದ ನಿಯಮ ರೇಡಾರನ್ನೂ ಕಾಯದು, ಬಳಕೆದಾರನನ್ನೂ ಕಾಯದು.