ಸೀಮಾಯ್ ಹೆಡ್‌ಫೋನ್ ಆಂಪ್ಲಿಫೈಯರ್: ದೋಷಪತ್ತೆ

ಸೀಮಾಯ್ ಎಂಬುದು ಒಂದೇ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ, ಜೇಬಿನಲ್ಲಿ ಹಿಡಿಸುವ ಹೆಡ್‌ಫೋನ್ ಆಂಪ್ಲಿಫೈಯರ್. 1990ರ ದಶಕದ ಕೊನೆಯಲ್ಲಿ ಇದರ ಸರ್ಕ್ಯೂಟನ್ನು ಪ್ರಕಟಿಸಿದ ಅಮೆರಿಕದ ಚು ಮಾಯ್ ಅವರ ಹೆಸರೇ ಇದಕ್ಕೆ ನಿಂತಿತು. ಎಂಟು ಕಾಲಿನ ಒಂದು ಆಪ್‌ಆಂಪ್ ಐಸಿ, ಕೆಲವೇ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳು, ಎರಡು ಜ್ಯಾಕ್, ಒಂದು ವಾಲ್ಯೂಮ್ ಕಂಟ್ರೋಲ್ ಇದ್ದರೆ ಸಾಕು. ಆಲ್ಟಾಯ್ಡ್ಸ್ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ ಇದನ್ನು ಕೂರಿಸುವ ರೂಢಿ ಹವ್ಯಾಸಿಗಳಲ್ಲಿ ಬೇಗ ಹಬ್ಬಿತು. ಆಡಿಯೋ ಸಾಧನವೊಂದನ್ನು ಮೊದಲ ಸಲ ಕೈಯಾರೆ ಕಟ್ಟುವವರು ಇಂದಿಗೂ ಹೆಚ್ಚಾಗಿ ಇಲ್ಲಿಂದಲೇ ಆರಂಭಿಸುತ್ತಾರೆ. ದೋಷ ಹುಡುಕುವ ವಿದ್ಯೆಯನ್ನೂ ಇದರಲ್ಲೇ ಕಲಿಯುತ್ತಾರೆ.

ಕಟ್ಟಿದ ಆಂಪ್ ಹಾಡದಿದ್ದಾಗ ಕೈ ಮೊದಲು ಹೋಗುವುದು ಐಸಿಯತ್ತ. ಅದನ್ನು ಕಿತ್ತು ಹೊಸದನ್ನು ಹಾಕುವುದರಿಂದ ಸಾಮಾನ್ಯವಾಗಿ ಏನೂ ಬದಲಾಗುವುದಿಲ್ಲ. ದೋಷವಿರುವುದು ಬಹುಪಾಲು ಬೆಸುಗೆಯಲ್ಲಿ, ತಪ್ಪು ಬೆಲೆಯ ರೆಸಿಸ್ಟರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಗ್ರೌಂಡಿನಲ್ಲಿ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದ್ದರೆ ಇವಿಷ್ಟನ್ನೂ ಕ್ರಮವಾಗಿ ಅಳೆದು ಹಿಡಿಯಬಹುದು.

ಸರ್ಕ್ಯೂಟಿನ ರಚನೆ

ಎಡ ಬಲ ಎರಡೂ ಚಾನಲ್‌ಗಳದು ಒಂದೇ ರಚನೆ. ಸಿಗ್ನಲ್ 10 ಕಿಲೋಓಮ್ ವಾಲ್ಯೂಮ್ ಕಂಟ್ರೋಲ್ ದಾಟಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಆಪ್‌ಆಂಪಿನ ಪ್ಲಸ್ ಇನ್‌ಪುಟ್ ಸೇರುತ್ತದೆ. ಅದೇ ಕಾಲಿನಿಂದ ಗ್ರೌಂಡಿಗೆ 100 ಕಿಲೋಓಮ್ ಇರುತ್ತದೆ. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 10 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 1 ಕಿಲೋಓಮ್. ಈ ಎರಡರ ಅನುಪಾತದಿಂದ ವರ್ಧನೆ 11 ಪಟ್ಟು ಆಗುತ್ತದೆ. ಐಸಿ ಸಾಮಾನ್ಯವಾಗಿ ಬರ್-ಬ್ರೌನ್ ಕಂಪನಿಯ ಒಪಿಎ2134. ಆ ಕಂಪನಿಯನ್ನು 2000ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕೊಂಡುಕೊಂಡಿತು.

ಆಪ್‌ಆಂಪಿಗೆ ಪ್ಲಸ್ಸೂ ಬೇಕು, ಮೈನಸ್ಸೂ ಬೇಕು. ಆದರೆ ಇರುವುದು ಒಂದೇ ಬ್ಯಾಟರಿ. ಆದ್ದರಿಂದ ಬ್ಯಾಟರಿಯ ಎರಡು ತುದಿಗಳ ನಡುವೆ 4.7 ಕಿಲೋಓಮಿನ ಎರಡು ರೆಸಿಸ್ಟರ್‌ಗಳನ್ನು ಒಂದರ ಹಿಂದೊಂದು ಹಾಕಿ, ಅವು ಕೂಡುವ ಮಧ್ಯಬಿಂದುವನ್ನೇ ಗ್ರೌಂಡ್ ಎಂದು ಇಟ್ಟುಕೊಳ್ಳಲಾಗುತ್ತದೆ. ಪ್ರತಿ ರೆಸಿಸ್ಟರಿನ ಜೊತೆಗೂ 220 ಮೈಕ್ರೋಫ್ಯಾರಡಿನ ಒಂದೊಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ನಿಲ್ಲುತ್ತದೆ. ಇದೇ ವರ್ಚುವಲ್ ಗ್ರೌಂಡ್. ಸೀಮಾಯ್ ಇಷ್ಟು ಚಿಕ್ಕದಾಗಿ, ಅಗ್ಗವಾಗಿ ಬಂದದ್ದು ಇದರಿಂದ. ಅದರ ಅತಿ ದುರ್ಬಲ ಜಾಗವೂ ಇದೇ.

ಹೆಡ್‌ಫೋನ್ ಸಿಕ್ಕಿಸುವ ಮೊದಲು

ಬ್ಯಾಟರಿ ಕೊಡುವ ಮುಂಚೆ ಬೋರ್ಡನ್ನು ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಬೇಕು. ಒಂದು ಪರ್ಸೆಂಟಿನ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳಲ್ಲಿ 1, 10, 100 ಕಿಲೋಓಮ್ ಮೂರಕ್ಕೂ ಕಂದು, ಕಪ್ಪು, ಕಪ್ಪು ಎಂದೇ ಪಟ್ಟಿಗಳು ಶುರುವಾಗುತ್ತವೆ. ವ್ಯತ್ಯಾಸವಿರುವುದು ನಾಲ್ಕನೆಯ ಪಟ್ಟಿಯಲ್ಲಿ ಮಾತ್ರ: ಕ್ರಮವಾಗಿ ಕಂದು, ಕೆಂಪು, ಕಿತ್ತಳೆ. ನೀಲಿ ಮೈಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಕೆಂಪನ್ನೂ ಕಿತ್ತಳೆಯನ್ನೂ ಬೇರ್ಪಡಿಸುವುದು ಕಷ್ಟ. ಫೀಡ್‌ಬ್ಯಾಕಿನ 10 ಕಿಲೋಓಮ್ ಇರಬೇಕಾದಲ್ಲಿ 100 ಕಿಲೋಓಮ್ ಕೂತರೆ ವರ್ಧನೆ 101 ಪಟ್ಟಾಗಿ, ಹಾಡಿಗಿಂತ ಮೊದಲು ಹಿಸ್ ಸದ್ದೇ ಕೇಳುತ್ತದೆ. ಬೆಸುಗೆಗೆ ಮುನ್ನ ಪ್ರತಿ ರೆಸಿಸ್ಟರನ್ನೂ ಮೀಟರಿನಲ್ಲಿ ಅಳೆಯುವುದು ಬಣ್ಣ ಓದುವುದಕ್ಕಿಂತ ಭದ್ರ.

ಸ್ಟ್ರಿಪ್‌ಬೋರ್ಡ್ ಬಳಸಿದವರು ಐಸಿಯ ಅಡಿಯ ತಾಮ್ರದ ಪಟ್ಟಿಗಳನ್ನು ಕತ್ತರಿಸಿದ್ದೇವೆಯೇ ಎಂದು ಮತ್ತೆ ನೋಡಬೇಕು. ಕತ್ತರಿಸದಿದ್ದರೆ ಎದುರುಬದುರಿನ ಕಾಲುಗಳು ಕೂಡಿಕೊಳ್ಳುತ್ತವೆ. 1ನೆಯ ಕಾಲು ಒಂದು ಚಾನಲಿನ ಔಟ್‌ಪುಟ್, 8ನೆಯದು ಪ್ಲಸ್ ಪವರ್, ಇವೆರಡೂ ಸೇರಿದರೆ ಐಸಿ ಬಿಸಿಯಾಗುವುದು ಖಂಡಿತ. ಪಟ್ಟಿ ಕತ್ತರಿಸಿದಂತೆ ಕಂಡರೂ ಕೂದಲೆಳೆಯಷ್ಟು ತಾಮ್ರ ಉಳಿದಿರಬಹುದು, ಅದನ್ನು ಮೀಟರಿನ ಬೀಪ್ ಹೇಳುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲಿನ ಪಟ್ಟೆ ಮೈನಸ್ ಕಾಲಿನ ಗುರುತು. ಮಧ್ಯಬಿಂದುವಿಗೆ ಒಂದರ ಮೈನಸ್, ಇನ್ನೊಂದರ ಪ್ಲಸ್ ಬರಬೇಕು. ಎರಡನ್ನೂ ಒಂದೇ ಮುಖವಾಗಿ ಗ್ರೌಂಡಿಗೆ ಕೊಡುವುದು ಹೊಸಬರು ಮತ್ತೆ ಮತ್ತೆ ಮಾಡುವ ತಪ್ಪು.

ಮಂಕಾಗಿ, ಗುಂಡಗೆ ಕಾಲಿನ ಮೇಲೆ ಕೂತಿರುವ ಬೆಸುಗೆ ತಣ್ಣನೆಯದು. ಅದಕ್ಕೆ ಹೊಸ ಸೀಸ ಸುರಿಯುವ ಬದಲು ಕಾಲು ಮತ್ತು ತಾಮ್ರ ಎರಡನ್ನೂ ಸೋಲ್ಡರಿಂಗ್ ಕಡ್ಡಿಯಿಂದ ಬಿಸಿ ಮಾಡಿ ಮತ್ತೆ ಹರಿಯಗೊಡಬೇಕು.

ಅಳತೆ ಶುರುವಾಗುವುದು ಕರೆಂಟಿನಿಂದ. ಬ್ಯಾಟರಿಯ ಒಂದೇ ಗುಂಡಿಗೆ ಕ್ಲಿಪ್ಪನ್ನು ಸಿಕ್ಕಿಸಿ, ಇನ್ನೊಂದು ಗುಂಡಿಗೂ ಕ್ಲಿಪ್ಪಿಗೂ ನಡುವೆ 200 ಮಿಲಿಆಂಪಿಯರ್ ರೇಂಜಿನಲ್ಲಿಟ್ಟ ಮೀಟರನ್ನು ಹಿಡಿಯಬೇಕು. ಒಪಿಎ2134 ಸುಮ್ಮನೆ ಕೂತಾಗ ಸುಮಾರು 8 ಮಿಲಿಆಂಪಿಯರ್ ಎಳೆಯುತ್ತದೆ. ಮಧ್ಯಬಿಂದುವಿನ ರೆಸಿಸ್ಟರ್‌ಗಳಲ್ಲಿ 1, ಎಲ್‌ಇಡಿಗೆ ಒಂದೆರಡು. ಹೀಗೆ 10ರ ಆಸುಪಾಸು ತೋರಿದರೆ ಮುಂದೆ ಹೋಗಬಹುದು. ಸೊನ್ನೆ ಬಂದರೆ ಎಲ್ಲೋ ತಂತಿ ಬಿಟ್ಟಿದೆ. 50 ದಾಟಿದರೆ ಬ್ಯಾಟರಿಯನ್ನು ಆ ಕ್ಷಣವೇ ತೆಗೆಯಬೇಕು. ಎಲ್‌ಇಡಿ ಉರಿಯುವುದು ಬ್ಯಾಟರಿ ಸೇರಿದೆ ಎಂಬುದಕ್ಕೆ ಮಾತ್ರ ಸಾಕ್ಷಿ.

ಆಮೇಲೆ ಮೀಟರಿನ ಕಪ್ಪು ಪ್ರೋಬನ್ನು ಮಧ್ಯಬಿಂದುವಿನಲ್ಲಿಟ್ಟು ಕೆಂಪು ಪ್ರೋಬಿನಿಂದ ಐಸಿಯ ಕಾಲುಗಳನ್ನು ಮುಟ್ಟುತ್ತಾ ಹೋಗಬೇಕು. 8ನೆಯದರಲ್ಲಿ ಪ್ಲಸ್ 4.5, 4ನೆಯದರಲ್ಲಿ ಮೈನಸ್ 4.5 ವೋಲ್ಟ್ ಇರಬೇಕು. ಹೊಸ ಬ್ಯಾಟರಿಯಾದರೆ ತುಸು ಹೆಚ್ಚು. ಮಿಕ್ಕ ಆರೂ ಕಾಲುಗಳಲ್ಲಿ ಸೊನ್ನೆಗೆ ಹತ್ತಿರ. ಒಂದು ಔಟ್‌ಪುಟ್ ಮಾತ್ರ 3 ವೋಲ್ಟಿನ ಆಚೆ ಹೋಗಿ ಕೂತಿದ್ದರೆ ಆ ಚಾನಲಿನ ಫೀಡ್‌ಬ್ಯಾಕ್ ರೆಸಿಸ್ಟರ್ ಸೇರಿಲ್ಲ ಅಥವಾ 100 ಕಿಲೋಓಮಿನ ರೆಸಿಸ್ಟರ್ ಗ್ರೌಂಡ್ ಮುಟ್ಟಿಲ್ಲ. ಇದನ್ನು ಅಳೆಯದೆ ಹೆಡ್‌ಫೋನ್ ಸಿಕ್ಕಿಸುವುದು ಅಪಾಯ: ಡಿಸಿ ಕರೆಂಟು ವಾಯ್ಸ್ ಕಾಯಿಲನ್ನು ಒಂದು ಕಡೆಗೆ ತಳ್ಳಿ ಬಿಸಿ ಮಾಡುತ್ತದೆ. ಔಟ್‌ಪುಟ್ ಡಿಸಿ 20 ಮಿಲಿವೋಲ್ಟಿನೊಳಗೆ ಇದ್ದರೆ ಹೆಡ್‌ಫೋನಿಗೆ ಅಪಾಯವಿಲ್ಲ. ಆಗಲೂ ಮೊದಲ ಹಾಡಿಗೆ ಅಗ್ಗದ ಇಯರ್‌ಫೋನೇ ಇರಲಿ.

ಜಾರುವ ಮಧ್ಯಬಿಂದು

ಹೆಡ್‌ಫೋನ್ ಇಲ್ಲದಿದ್ದಾಗ ಎಲ್ಲ ಸರಿಯಿದ್ದು, ಸಿಕ್ಕಿಸಿದೊಡನೆ ದನಿ ಒಡೆಯುವ ದೋಷ ಹಲವರನ್ನು ಕಂಗೆಡಿಸಿದೆ. ಇದರ ಲೆಕ್ಕ ಸರಳ. ಎರಡು 4.7 ಕಿಲೋಓಮ್‌ಗಳಿಂದ ಆದ ಮಧ್ಯಬಿಂದುವಿನ ಒಳರೋಧ 2.35 ಕಿಲೋಓಮ್. ಔಟ್‌ಪುಟ್‌ನಲ್ಲಿ 20 ಮಿಲಿವೋಲ್ಟ್ ಡಿಸಿ ಇದ್ದರೆ 32 ಓಮಿನ ಹೆಡ್‌ಫೋನಿನಲ್ಲಿ ಸುಮಾರು 0.6 ಮಿಲಿಆಂಪಿಯರ್ ಹರಿಯುತ್ತದೆ. ಅದು ಹಿಂದಿರುಗಬೇಕಾದದ್ದು ಮಧ್ಯಬಿಂದುವಿನ ಮೂಲಕವೇ. ಅಷ್ಟಕ್ಕೇ ಮಧ್ಯಬಿಂದು ಸುಮಾರು 1.5 ವೋಲ್ಟ್ ಸರಿಯುತ್ತದೆ. ಆಗ ಒಂದು ಕಡೆ 6, ಇನ್ನೊಂದು ಕಡೆ 3 ವೋಲ್ಟ್ ಉಳಿದು, ಸಿಗ್ನಲಿನ ಒಂದು ಮಗ್ಗುಲು ಮೊದಲೇ ತಲೆ ತಾಗಿಸಿಕೊಳ್ಳುತ್ತದೆ.

ಐಸಿ ಬದಲಿಸಿದಾಗ ಈ ತೊಂದರೆ ದೊಡ್ಡದಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗೆ ಹೋದವರಿಗೆ ಎನ್‌ಇ5532 ಸುಲಭವಾಗಿ ಕೈಗೆ ಸಿಗುತ್ತದೆ. ಅದು ಒಳ್ಳೆಯ ಆಡಿಯೋ ಐಸಿ, ಕಾಲುಗಳ ಕ್ರಮವೂ ಅದೇ. ಆದರೆ ಅದರ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಕರೆಂಟನ್ನು ಬೇಡುತ್ತದೆ; ಒಪಿಎ2134ರ ಫೆಟ್ ಇನ್‌ಪುಟ್ ಬೇಡುವುದು ಪಿಕೋಆಂಪಿಯರ್‌ಗಳಲ್ಲಿ. 200 ನ್ಯಾನೋಆಂಪಿಯರ್ 100 ಕಿಲೋಓಮಿನಲ್ಲಿ ಹರಿದರೆ 20 ಮಿಲಿವೋಲ್ಟ್, 11 ಪಟ್ಟು ವರ್ಧನೆಯಾದರೆ ಔಟ್‌ಪುಟ್‌ನಲ್ಲಿ 0.2 ವೋಲ್ಟ್‌ಗೂ ಹೆಚ್ಚು. ಹೆಡ್‌ಫೋನ್ ಸಿಕ್ಕಿಸಿದಾಗ ಮಧ್ಯಬಿಂದು ಬ್ಯಾಟರಿಯ ಒಂದು ತುದಿಯವರೆಗೂ ಜಾರಿಬಿಡುತ್ತದೆ. ಐಸಿ ಕೆಟ್ಟಿಲ್ಲ, ಈ ಸರ್ಕ್ಯೂಟಿಗೆ ಅದು ಹೊಂದುವುದಿಲ್ಲ ಅಷ್ಟೇ. 1 ಕಿಲೋಓಮಿನ ಜೊತೆ ಸರಣಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಹಾಕಿದರೆ ಡಿಸಿಗೆ ವರ್ಧನೆ 1ಕ್ಕೆ ಇಳಿಯುತ್ತದೆ. ಮಧ್ಯಬಿಂದುವನ್ನು ಗಟ್ಟಿ ಮಾಡುವ ಇನ್ನೊಂದು ದಾರಿ, ರೆಸಿಸ್ಟರ್ ಜೋಡಿಯ ಬದಲು ಟಿಎಲ್‌ಇ2426 ಎಂಬ, ಇದೇ ಕೆಲಸಕ್ಕಾಗಿ ಮಾಡಿದ ಐಸಿ. ಟಿಎಲ್072 ಎಂಬ ಇನ್ನೊಂದು ಆಪ್‌ಆಂಪಿನಲ್ಲಿ ಇನ್‌ಪುಟ್ ಕರೆಂಟಿನ ಕಾಟ ಇಲ್ಲ. ಅದು ಸೋಲುವುದು 32 ಓಮಿನ ಭಾರ ಹೊರುವುದರಲ್ಲಿ.

ವರ್ಚುವಲ್ ಗ್ರೌಂಡ್ ಬ್ಯಾಟರಿಯ ಮೈನಸ್ ಅಲ್ಲ ಎಂಬುದನ್ನು ಮರೆತಾಗ ಹುಟ್ಟುವ ದೋಷಗಳೇ ಬೇರೆ. ಲೋಹದ ಕತ್ತಿನ ಜ್ಯಾಕನ್ನು ಡಬ್ಬಿಗೆ ಬಿಗಿದಾಗ ಡಬ್ಬಿಯೇ ವರ್ಚುವಲ್ ಗ್ರೌಂಡ್ ಆಗುತ್ತದೆ. ಅದೇ ಡಬ್ಬಿಗೆ ಅಡಾಪ್ಟರಿನ ಲೋಹದ ಸಾಕೆಟ್ಟನ್ನೂ ಬಿಗಿದು, ಅದರ ಹೊರಮೈ ಮೈನಸ್ ಆಗಿದ್ದರೆ, ಕೆಳ ಅರ್ಧ ಶಾರ್ಟ್ ಆದಂತೆ. ಬೋರ್ಡು ಮೇಜಿನ ಮೇಲೆ ಹಾಡುತ್ತಿತ್ತು, ಡಬ್ಬಿಗೆ ಹಾಕಿದ ಮೇಲೆ ನಿಂತಿತು ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಪ್ಲಾಸ್ಟಿಕ್ ಸಾಕೆಟ್ ಹಾಕಿದರೆ ಮುಗಿಯಿತು. ಬ್ಲೂಟೂತ್ ರಿಸೀವರ್ ಬೋರ್ಡಿಗೂ ಆಂಪಿಗೂ ಒಂದೇ ಅಡಾಪ್ಟರಿನಿಂದ ಪವರ್ ಕೊಟ್ಟಾಗಲೂ ಹೀಗೇ ಆಗುತ್ತದೆ. ರಿಸೀವರಿನ ಆಡಿಯೋ ಗ್ರೌಂಡ್ ಸಾಮಾನ್ಯವಾಗಿ ಅಡಾಪ್ಟರಿನ ಮೈನಸ್ಸೇ ಆಗಿರುವುದರಿಂದ, ಆಡಿಯೋ ಕೇಬಲ್ ಸಿಕ್ಕಿಸಿದೊಡನೆ ಮಧ್ಯಬಿಂದು ನೆಲಕಚ್ಚುತ್ತದೆ. ಎರಡಕ್ಕೂ ಪವರ್ ಬೇರೆಬೇರೆಯೇ ಇರಬೇಕು.

ಕಿವಿ ಹೇಳುವ ಸುಳಿವುಗಳು

ಮಧ್ಯದಲ್ಲಿ ಕೇಳಬೇಕಾದ ಗಾಯಕರ ದನಿ ಮಾಯವಾಗಿ, ವಾದ್ಯಗಳು ಮಾತ್ರ ಪೊಳ್ಳಾಗಿ ಕೇಳಿದರೆ ಹೆಡ್‌ಫೋನ್ ಜ್ಯಾಕಿನ ಗ್ರೌಂಡ್ ತಂತಿ ಬಿಟ್ಟಿದೆ. ಆಗ ಎರಡು ಡ್ರೈವರ್‌ಗಳೂ ಸರಣಿಯಲ್ಲಿ ಸೇರಿ, ಎಡ ಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಎರಡರಲ್ಲೂ ಸಮನಾಗಿರುವ ದನಿ ಕಳೆದುಹೋಗುತ್ತದೆ. ಮೈಕ್ ಇರುವ ನಾಲ್ಕು ಸಂಪರ್ಕದ ಪ್ಲಗ್ಗನ್ನು ಮೂರು ಸಂಪರ್ಕದ ಜ್ಯಾಕಿಗೆ ಸಿಕ್ಕಿಸಿದಾಗಲೂ ಇದು ಆಗಬಹುದು. ಪ್ಲಗ್ಗನ್ನು ಕೂದಲಷ್ಟು ಹೊರಗೆಳೆದಾಗ ದನಿ ಮರಳಿದರೆ ದೋಷ ಆಂಪಿನಲ್ಲಿಲ್ಲ.

ಒಂದು ಕಿವಿಯಲ್ಲಿ ದನಿ ತೀರಾ ಚಿಕ್ಕದಾಗಿದ್ದರೆ ಆ ಬದಿಯ 1 ಕಿಲೋಓಮ್ ಸೇರಿಲ್ಲ, ವರ್ಧನೆ 1ಕ್ಕೆ ಇಳಿದಿದೆ. ಮಂದ್ರ ಸ್ವರಗಳು ಸೊರಗಿದ್ದರೆ ಇನ್‌ಪುಟ್ ಕೆಪಾಸಿಟರಿನ ಮೇಲಿನ ಅಂಕಿ ಓದಬೇಕು. 104 ಎಂದಿದ್ದರೆ 0.1 ಮೈಕ್ರೋಫ್ಯಾರಡ್, ಸುಮಾರು 16 ಹರ್ಟ್ಸ್‌ವರೆಗೆ ದಾರಿ ಬಿಡುತ್ತದೆ. 103 ಎಂದಿದ್ದರೆ ಅದರ ಹತ್ತನೇ ಒಂದು ಭಾಗ. 160 ಹರ್ಟ್ಸ್‌ನ ಕೆಳಗಿನದು ಕುಗ್ಗಿ, ಮೃದಂಗದ ಎಡಭಾಗದ ತೂಕವೇ ಹೋಗುತ್ತದೆ. ವಾಲ್ಯೂಮ್ ಸ್ವಲ್ಪ ತಿರುಗಿಸಿದೊಡನೆ ದನಿ ಒಮ್ಮೆಲೇ ಏರಿ, ಉಳಿದ ತಿರುವಿನಲ್ಲಿ ಏನೂ ಬದಲಾಗದಿದ್ದರೆ ಕಂಟ್ರೋಲ್ ಲಾಗ್ ಅಲ್ಲ, ಲೀನಿಯರ್. ಅದರ ಲೋಹದ ಮೈಯನ್ನು ಬೆರಳಿನಿಂದ ಮುಟ್ಟಿದಾಗ 50 ಹರ್ಟ್ಸ್‌ನ ಗುಂಯ್ ಸದ್ದು ತಗ್ಗಿದರೆ, ಆ ಮೈಗೆ ಗ್ರೌಂಡಿನಿಂದ ಒಂದು ತಂತಿ ಬೇಕು.

ಕಿವಿಗೆ ನೇರವಾಗಿ ಕೇಳದ ದೋಷವೊಂದು ಉಳಿಯಿತು. ಆಪ್‌ಆಂಪ್ ತನ್ನಷ್ಟಕ್ಕೆ ತಾನೇ ಮೆಗಾಹರ್ಟ್ಸ್‌ಗಳಲ್ಲಿ ಆಂದೋಲಿಸತೊಡಗಿದರೆ ಸಂಗೀತ ಒರಟಾಗುತ್ತದೆ, ಐಸಿ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ತೀರುತ್ತದೆ. ಸಾಧಾರಣ ಮಲ್ಟಿಮೀಟರಿನ ಎಸಿ ರೇಂಜ್ ಅಷ್ಟು ಮೇಲಿನ ಆವರ್ತವನ್ನು ಕಾಣದು, ಆಸಿಲೋಸ್ಕೋಪ್ ಎಲ್ಲರ ಮನೆಯಲ್ಲಿಲ್ಲ. ಅದಕ್ಕೇ ಮೊದಲ ಕರೆಂಟ್ ಅಳತೆಯನ್ನು ಬರೆದಿಟ್ಟುಕೊಳ್ಳಬೇಕು. ಹೆಡ್‌ಫೋನಿನ ಕೇಬಲ್ ಸಿಕ್ಕಿಸಿದಾಗ, ಹಾಡು ಇಲ್ಲದೆಯೂ, ಅದು ಏರಿದರೆ ಸಂಶಯಪಡಬೇಕು. ಡಿಸಿ ಆಫ್‌ಸೆಟ್ಟೂ ಕರೆಂಟನ್ನು ಏರಿಸಬಲ್ಲದು, ಹಾಗಾಗಿ ಅದನ್ನು ಮೊದಲು ಅಳೆದು ಬದಿಗಿಡಬೇಕು. ಐಸಿಯ 4 ಮತ್ತು 8ನೆಯ ಕಾಲುಗಳ ನಡುವೆ, ಕಾಲಿಗೆ ಅಂಟಿದಂತೆ, 0.1 ಮೈಕ್ರೋಫ್ಯಾರಡಿನ ಸೆರಾಮಿಕ್ ಕೆಪಾಸಿಟರ್ ಹಾಕುವುದು ಇದಕ್ಕೆ ಮೊದಲ ಚಿಕಿತ್ಸೆ. ಔಟ್‌ಪುಟ್‌ನಲ್ಲಿ ಹತ್ತಾರು ಓಮಿನ ಒಂದು ರೆಸಿಸ್ಟರ್ ಸೇರಿಸುವುದು ಎರಡನೆಯದು. ಒಪಿಎ637ರಂಥ ಐಸಿಗಳನ್ನು 5 ಪಟ್ಟಿಗಿಂತ ಕಡಿಮೆ ವರ್ಧನೆಯಲ್ಲಿ ಬಳಸಲೇಬಾರದು, ಅವು ಅದಕ್ಕಾಗಿ ಆದವಲ್ಲ.

ವರ್ಚುವಲ್ ಗ್ರೌಂಡಿನ ತೊಡಕನ್ನು ಬುಡದಲ್ಲೇ ತೆಗೆದುಹಾಕಿದ ಹವ್ಯಾಸಿ ವಿನ್ಯಾಸವೂ ಇದೆ. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಅನಾಮಧೇಯ ಎಂಜಿನಿಯರ್ ಪ್ರಕಟಿಸಿದ ಓ2 ಆಂಪ್ಲಿಫೈಯರ್ ಎರಡು 9 ವೋಲ್ಟ್ ಬ್ಯಾಟರಿಗಳಿಂದ ನಿಜವಾದ ಪ್ಲಸ್, ಮೈನಸ್ಸನ್ನೇ ಪಡೆಯುತ್ತದೆ. ಒಂದು ಬ್ಯಾಟರಿ ಸೋತರೆ ಎರಡೂ ಕಡೆಯ ಪವರನ್ನು ಒಟ್ಟಿಗೆ ಕಡಿದು, ಹೆಡ್‌ಫೋನಿಗೆ ಡಿಸಿ ಹೋಗದಂತೆ ತಡೆಯುವ ಸರ್ಕ್ಯೂಟ್ ಅದರಲ್ಲಿದೆ.