ನೂರರ ಕೋಟಾದಿಂದ ಶೇ. 7ರ ಮಿತಿಯವರೆಗೆ

ಅಮೆರಿಕ 1917ರಲ್ಲಿ ಬಹುತೇಕ ಭಾರತೀಯರಿಗೆ ಬಾಗಿಲು ಮುಚ್ಚಿತ್ತು. 1946ರಲ್ಲಿ ತೆರೆದಾಗ ಭಾರತಕ್ಕೆ ಸಿಕ್ಕ ಕೋಟಾ ವರ್ಷಕ್ಕೆ ಬರೀ 100. ಹುಟ್ಟಿದ ದೇಶ ನೋಡಿ ಕೋಟಾ ಅಳೆಯುವ ಆ ಪದ್ಧತಿಯನ್ನು 1965ರ ಕಾಯ್ದೆ ಕೈಬಿಟ್ಟು, ಕುಟುಂಬ ಸಂಬಂಧ ಹಾಗೂ ಉದ್ಯೋಗ ಕೌಶಲಕ್ಕೆ ಆದ್ಯತೆ ನೀಡಿತು.

1990ರ ಕಾಯ್ದೆ ಕಾಯಂ ಉದ್ಯೋಗ ವೀಸಾಗಳ ಮಿತಿಯನ್ನು ವರ್ಷಕ್ಕೆ ಸುಮಾರು 1,40,000 ಎಂದು ನಿಗದಿಪಡಿಸಿತು. ನೌಕರನ ಹೆಂಡತಿ ಮಕ್ಕಳೂ ಇದೇ ಲೆಕ್ಕದೊಳಗೆ. ಸಾಮಾನ್ಯವಾಗಿ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಸಲ್ಲದು. ಭಾರತಕ್ಕೂ ಅಷ್ಟೇ, ಪುಟ್ಟ ಐಸ್‌ಲೆಂಡಿಗೂ ಅಷ್ಟೇ. ಬೆಂಗಳೂರಿನಿಂದ ಹೋದ ಎಂಜಿನಿಯರುಗಳ ಸರದಿ ದಶಕಗಟ್ಟಲೆ ಉದ್ದವಾದದ್ದು ಹೀಗೆ. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿದರೆ ಹೆತ್ತವರ ಅರ್ಜಿಯಿಂದ ಹೊರಬೀಳಬಹುದು.

ಉದ್ಯೋಗ ವೀಸಾಗಳಿಗೆ ದೇಶವಾರು ಮಿತಿ ತೆಗೆಯುವ ಮಸೂದೆಗೆ 2019ರಲ್ಲಿ ಕೆಳಮನೆ ಒಪ್ಪಿತು. 2020ರಲ್ಲಿ ಸೆನೆಟ್ ಒಪ್ಪಿದ್ದು ಬೇರೆಯೇ ರೂಪಕ್ಕೆ. ಎರಡೂ ಕೂಡುವ ಮುನ್ನ ಸಂಸತ್ತಿನ ಅವಧಿ ಮುಗಿಯಿತು. ಒಟ್ಟು ಸಂಖ್ಯೆ ಏರಿಸದೆ ಮಿತಿ ತೆಗೆದರೆ ಸರದಿ ಕರಗದು, ಬೇರೆ ದೇಶದವರ ಪಾಲಿಗೂ ಹಂಚಿಹೋಗುತ್ತದೆ.