ಮೋಟಾರು ವಾಹನದ ಹೊಗೆಯೂ ಕಾಯಿದೆಯ ಕಣ್ಣೂ: ಮೋಕ ಪ್ರಾಂತವನ್ನು ಮುಂದಿಟ್ಟುಕೊಂಡು ಒಂದು ವಿವೇಚನೆ

ಚರಿತ್ರೆಯ ಅಭ್ಯಾಸಿಗಳು ಸಾಮಾನ್ಯವಾಗಿ ಶಿಲಾಶಾಸನ, ದಾನಪತ್ರ, ಕೋಟೆಕೊತ್ತಲಗಳ ಕಡೆಗೆ ದೃಷ್ಟಿ ಹರಿಸುತ್ತಾರೆ. ಜನರ ದಿನಬಳಕೆಯ ಯಂತ್ರಗಳೂ ರಾಜ್ಯಕ್ಕೂ ಪ್ರಜೆಗೂ ಇರುವ ಸಂಬಂಧವನ್ನು ತಿಳಿಸಬಲ್ಲ ಸಾಮಗ್ರಿಯೇ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಇನ್ನೂ ಸಾಕಷ್ಟು ಬೇರೂರಿಲ್ಲ. ಪ್ರಕೃತ ಲೇಖನದಲ್ಲಿ ನಾವು ಅಂತಹ ಒಂದು ಸಣ್ಣ ವಸ್ತುವನ್ನು ಆರಿಸಿಕೊಂಡಿದ್ದೇವೆ. ಸರಕು ಸಾಗಿಸುವ ಪಿಕಪ್ ವಾಹನದ ಹೊಗೆಕೊಳವೆಯಲ್ಲಿ, ಸೈಲೆನ್ಸರಿಗೂ ಮುಂಚೆ, ಲೋಹದ ಪೆಟ್ಟಿಗೆಯೊಂದು ಇರುತ್ತದೆ. ಅದಕ್ಕೆ ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಹೆಸರು; ಕ್ರಿಯಾವರ್ಧಕ ಪರಿವರ್ತಕವೆಂದು ಕನ್ನಡಿಸಬಹುದು. ಆ ಪೆಟ್ಟಿಗೆಯನ್ನು ಕಳಚಿಸಿ, ಅದರ ಸ್ಥಾನದಲ್ಲಿ ಬರಿಯ ಕೊಳವೆಯನ್ನು ಬೆಸೆಯಿಸಿಕೊಳ್ಳುವ ರೂಢಿ ನಮ್ಮ ದೇಶದಲ್ಲಿಯೂ ಹೊರಗೂ ಉಂಟು. ಈ ರೂಢಿಗೆ ಕಾರಣವೇನು, ಕಾಯಿದೆ ಇದನ್ನು ಏಕೆ ಕಾಣಲಾರದೆ ಹೋಗುತ್ತದೆ ಎಂಬುದೇ ಇಲ್ಲಿಯ ವಿಚಾರ.

೧

ಮೋಕ ಬಳ್ಳಾರಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ವೇದಾವತಿಗೆ ಈ ಭಾಗದಲ್ಲಿ ಹಗರಿಯೆಂದು ಹೆಸರು. ಆ ನದಿಯ ಆಸುಪಾಸಿನ ಕರಿಯ ಎರೆಭೂಮಿಯ ಸೀಮೆಯಿದು. ೧೯೫೩ನೆಯ ಇಸವಿ ಅಕ್ಟೋಬರ್ ೧ರಂದು ಬಳ್ಳಾರಿಯು ಮದರಾಸು ರಾಜ್ಯದಿಂದ ಬೇರ್ಪಟ್ಟು ಮೈಸೂರು ಸಂಸ್ಥಾನಕ್ಕೆ ಸೇರಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಮೋಕ ಹೀಗೆ ಗಡಿಯ ಊರಾಯಿತು. ತುಂಗಭದ್ರೆಯ ಅಣೆಕಟ್ಟಿನ ನೀರು ಹರಿದ ಮೇಲೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಸುತ್ತಿನ ಬೇಸಾಯ ಬದಲಾಯಿತು. ಭತ್ತ, ಹತ್ತಿ, ಮೆಣಸಿನಕಾಯಿಗಳು ಹೊಲದಿಂದ ಗಿರಣಿಗೂ ಮಾರುಕಟ್ಟೆಗೂ ಸಾಗಬೇಕು. ಹಿಂದೆ ಜೋಡೆತ್ತಿನ ಬಂಡಿಯೂ ಟ್ರ್ಯಾಕ್ಟರೂ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಡೀಸೆಲ್ ಪಿಕಪ್ ವಾಹನಗಳು ಮಾಡುತ್ತಿವೆ. ಸಾಲ ಮಾಡಿ ಕೊಂಡ ಒಂದು ವಾಹನವೇ ಒಂದು ಕುಟುಂಬದ ಜೀವನೋಪಾಯವಾಗಿರುವುದು ಅಪೂರ್ವವಲ್ಲ. ಮುಂದಿನ ವಿಚಾರವನ್ನು ತೂಗುವಾಗ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು.

೨

ಪರಿವರ್ತಕದ ಹುಟ್ಟು ಅಮೆರಿಕದಲ್ಲಿ. ಲಾಸ್ ಏಂಜಲೀಸ್ ನಗರವನ್ನು ಕವಿದ ಹೊಗೆಮಂಜಿಗೆ ಮೋಟಾರು ವಾಹನಗಳೇ ಮುಖ್ಯ ಕಾರಣವೆಂದು ೧೯೫೦ರ ದಶಕದಲ್ಲಿ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ ತೋರಿಸಿಕೊಟ್ಟನು. ಅದೇ ದಶಕದಲ್ಲಿ ಫ್ರಾನ್ಸ್ ಮೂಲದ ಯೂಜೀನ್ ಹೌಡ್ರಿ ಎಂಬ ಎಂಜಿನಿಯರನು ಹೊಗೆಯನ್ನು ಶುದ್ಧಿಮಾಡುವ ಪರಿವರ್ತಕಕ್ಕೆ ಪೇಟೆಂಟ್ ಪಡೆದನು. ಇದರ ತತ್ತ್ವ ಸರಳವಾದದ್ದು. ಜೇನುಹುಟ್ಟಿನಂತೆ ಸಣ್ಣ ಸಣ್ಣ ರಂಧ್ರಗಳುಳ್ಳ ಪಿಂಗಾಣಿಯ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಯುಳ್ಳ ಲೋಹಗಳ ತೆಳುವಾದ ಲೇಪನವಿರುತ್ತದೆ. ಬಿಸಿಯಾದ ಹೊಗೆ ಅದರ ಮೂಲಕ ಹಾದುಹೋಗುವಾಗ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡೂ ಅರೆಬೆಂದ ಇಂಧನದ ಅಂಶಗಳೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಮಾರ್ಪಡುತ್ತವೆ. ಪೆಟ್ರೋಲ್ ವಾಹನದ ಪರಿವರ್ತಕವು ಇದರೊಡನೆ ನೈಟ್ರೊಜನ್ನಿನ ಆಕ್ಸೈಡುಗಳನ್ನೂ ತಗ್ಗಿಸುತ್ತದೆ.

ಆದರೆ ಆ ಕಾಲದ ಪೆಟ್ರೋಲಿನಲ್ಲಿ ಸೀಸವಿದ್ದಿತು. ಸೀಸ ತಾಗಿದರೆ ಲೇಪನ ನಿರುಪಯೋಗಿಯಾಗುತ್ತದೆ. ೧೯೭೦ರ ಶುದ್ಧ ವಾಯು ಕಾಯಿದೆ ಬಂದು, ಸೀಸವಿಲ್ಲದ ಪೆಟ್ರೋಲ್ ದೊರೆಯುವಂತಾದ ಮೇಲೆಯೇ, ೧೯೭೫ರ ಮಾದರಿಯ ಕಾರುಗಳಲ್ಲಿ ಪರಿವರ್ತಕ ವ್ಯಾಪಕವಾಗಿ ಬಂದಿತು. ಯಂತ್ರಕ್ಕಿಂತ ಮೊದಲು ಇಂಧನ ಶುದ್ಧವಾಗಬೇಕೆಂಬ ಈ ಪಾಠ ನಮ್ಮ ಜಿಲ್ಲೆಯ ಚರಿತ್ರೆಗೂ ಅನ್ವಯಿಸುತ್ತದೆ.

೩

ಭಾರತದಲ್ಲಿ ಈ ಪರಿವರ್ತಕ ಶಾಸನಸಭೆಯ ಚರ್ಚೆಗಿಂತ ಹೆಚ್ಚಾಗಿ ನ್ಯಾಯಾಲಯದ ಒತ್ತಡದಿಂದ ಬಂದಿತೆನ್ನಬಹುದು. ವಕೀಲರಾದ ಎಂ. ಸಿ. ಮೆಹ್ತಾ ಅವರು ೧೯೮೫ರಲ್ಲಿ ದೆಹಲಿಯ ವಾಯುಮಾಲಿನ್ಯದ ಬಗೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆ ಇದಕ್ಕೆ ಮುಖ್ಯ ಪ್ರೇರಣೆ. ೧೯೯೫ರ ಏಪ್ರಿಲ್‌ನಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾಯಿತು. ೨೦೦೦ದ ಫೆಬ್ರವರಿಯಲ್ಲಿ ಸೀಸವಿರುವ ಪೆಟ್ರೋಲ್ ದೇಶದಾದ್ಯಂತ ನಿಂತುಹೋಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಸುಧಾರಣೆ ಮಹಾನಗರದಿಂದ ಹೊರಟು ಜಿಲ್ಲೆಗಳನ್ನು ತಡವಾಗಿ ಮುಟ್ಟಿತು. ೨೦೦೫ರಲ್ಲಿ ಬೆಂಗಳೂರಿಗೆ ಭಾರತ್ ಸ್ಟೇಜ್ ೩ ಎಂಬ ದರ್ಜೆ ಬಂದಾಗ ಬಳ್ಳಾರಿಗೆ ಬಂದದ್ದು ಸ್ಟೇಜ್ ೨. ೨೦೧೦ರಲ್ಲಿ ಬೆಂಗಳೂರಿಗೆ ಸ್ಟೇಜ್ ೪, ಬಳ್ಳಾರಿಗೆ ಸ್ಟೇಜ್ ೩. ಸ್ಟೇಜ್ ೪ರ ಡೀಸೆಲ್ಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷದಲ್ಲಿ ೫೦ ಪಾಲನ್ನು ಮೀರಕೂಡದು. ಸ್ಟೇಜ್ ೩ರಲ್ಲಿ ೩೫೦ ಪಾಲಿನವರೆಗೂ ಇರಬಹುದು. ಒಂದೇ ರಾಜ್ಯದೊಳಗೆ, ಒಂದೇ ವರ್ಷದಲ್ಲಿ, ರಾಜಧಾನಿಯ ಬಂಕಿಗೂ ಗಡಿಜಿಲ್ಲೆಯ ಬಂಕಿಗೂ ಏಳುಪಟ್ಟು ಅಂತರಕ್ಕೆ ಕಾಯಿದೆಯೇ ಎಡೆಗೊಟ್ಟಿತ್ತು. ೨೦೧೭ರ ಏಪ್ರಿಲ್ ೧ರಂದು ಸ್ಟೇಜ್ ೪ ದೇಶಕ್ಕೆಲ್ಲ ಅನ್ವಯವಾಯಿತು; ಐದನೆಯ ದರ್ಜೆಯನ್ನು ಕೈಬಿಟ್ಟು, ೨೦೨೦ರ ಏಪ್ರಿಲ್ ೧ರಂದು ಸ್ಟೇಜ್ ೬ ಜಾರಿಗೆ ಬಂದು ಗಂಧಕದ ಮಿತಿ ೧೦ಕ್ಕೆ ಇಳಿಯಿತು.

ಬಳ್ಳಾರಿಯ ರಸ್ತೆಗಳ ಮೇಲೆ ಅದಿರಿನ ಲಾರಿಗಳು ಸಾಲುಗಟ್ಟಿ ಓಡಿದ ಕಾಲವೂ ಈ ನಡುವಿನದೇ. ೨೦೧೧ರ ಜುಲೈಯಲ್ಲಿ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯನ್ನು ಕುರಿತು ವರದಿ ಒಪ್ಪಿಸಿದರು. ಆ ತಿಂಗಳ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆ ಸಂದರ್ಭದಲ್ಲಿ ನಾಡಿನಲ್ಲೆಲ್ಲ ನಡೆದದ್ದು ಅದಿರಿನ ಟನ್ನುಗಳ ಚರ್ಚೆ, ರಾಜಸ್ವದ ನಷ್ಟದ ಚರ್ಚೆ. ಅದನ್ನು ಹೊತ್ತ ಲಾರಿಗಳ ಹೊಗೆಕೊಳವೆಯ ಮಾತು ಹಿಂದೆಯೇ ಉಳಿಯಿತು. ೨೦೧೯ರ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದ ನಗರಗಳು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ ಆ ಪಟ್ಟಿಗೆ ಸೇರಲಿಲ್ಲ.

೪

ವಾಹನದ ಒಡೆಯನು ಪರಿವರ್ತಕವನ್ನು ಕಳಚಿಸುವುದೇಕೆ? ಮೂರು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು, ಅದು ಕಟ್ಟಿಕೊಳ್ಳುವುದು. ಎಂಜಿನ್ ಸವೆದು ಆಯಿಲನ್ನು ಸುಡತೊಡಗಿದರೆ, ಇಂಧನ ಕಲಬೆರಕೆಯದಾದರೆ, ಗಂಧಕ ಹೆಚ್ಚಿದ್ದರೆ ಆ ರಂಧ್ರಗಳಲ್ಲಿ ಮಸಿ ತುಂಬುತ್ತದೆ. ಹೊಗೆ ಹೊರಬೀಳಲಾರದೆ ವಾಹನದ ಎಳೆತ ಕುಗ್ಗುತ್ತದೆ. ಹೊಸ ಪರಿವರ್ತಕದ ಬೆಲೆ ಹೆಚ್ಚು. ಕಳಚಿ ಕೊಳವೆ ಬೆಸೆಯುವ ಕೂಲಿ ಅತ್ಯಲ್ಪ. ಎರಡನೆಯದು, ಪೆಟ್ಟಿಗೆ ತೆಗೆದರೆ ಬಲವೂ ಮೈಲೇಜೂ ಹೆಚ್ಚುವುವೆಂಬ ನಂಬಿಕೆ. ಕಟ್ಟಿಕೊಂಡ ಪೆಟ್ಟಿಗೆಯ ವಿಷಯದಲ್ಲಿ ಇದು ನಿಜವೆಂದು ತೋರಬಹುದು. ಆದರೆ ಸುಸ್ಥಿತಿಯಲ್ಲಿರುವ ಪರಿವರ್ತಕವು ತಡೆಯುವ ಬಲ ಅತ್ಯಲ್ಪ. ಕಟ್ಟಿಕೊಳ್ಳಲು ಕಾರಣವಾದ ಎಂಜಿನ್ನಿನ ದೋಷವಂತೂ ಪೆಟ್ಟಿಗೆಯನ್ನು ಕಿತ್ತ ಮಾತ್ರಕ್ಕೆ ನಿವಾರಣೆಯಾಗದು. ಮೂರನೆಯದು, ಒಳಗಿರುವ ಲೋಹಗಳ ಬೆಲೆ. ೨೦೨೧ರಲ್ಲಿ ರೋಡಿಯಮ್ಮಿನ ಬೆಲೆ ಔನ್ಸಿಗೆ ೨೫,೦೦೦ ಡಾಲರನ್ನು ಮೀರಿದಾಗ, ಗುಜರಾತು ಮಹಾರಾಷ್ಟ್ರಗಳಲ್ಲಿ ನಿಲ್ಲಿಸಿದ ಪೆಟ್ರೋಲ್ ವ್ಯಾನುಗಳ ಸೈಲೆನ್ಸರುಗಳೇ ಕಳುವಾಗುತ್ತಿದ್ದವು. ಗುಜರಿಯವನಿಗೆ ಬೆಲೆಯುಳ್ಳದ್ದಾದ ವಸ್ತು ಒಡೆಯನಿಗೆ ಬರಿಯ ಹೊರೆಯೆಂದು ತೋರುವುದು ಇಲ್ಲಿಯ ವೈಚಿತ್ರ್ಯ.

ಇದು ನಮ್ಮ ಬಡ ರೈತನದೊಬ್ಬನದೇ ದೋಷವೆಂದು ಯಾರೂ ಭಾವಿಸಬಾರದು. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ೨೦೨೦ರ ನವೆಂಬರಿನಲ್ಲಿ ಮಾಡಿದ ಅಂದಾಜಿನ ಪ್ರಕಾರ, ಆ ಹಿಂದಿನ ಹತ್ತು ವರ್ಷಗಳಲ್ಲಿ ಆ ದೇಶದ ೫,೫೦,೦೦೦ಕ್ಕೂ ಹೆಚ್ಚು ಡೀಸೆಲ್ ಪಿಕಪ್ ವಾಹನಗಳಿಂದ ಹೊಗೆ ನಿಯಂತ್ರಣದ ಸಾಧನಗಳನ್ನು ಕಿತ್ತುಹಾಕಲಾಗಿತ್ತು. ಸಂಪತ್ತೂ ಕಠಿಣ ಕಾಯಿದೆಯೂ ಎರಡೂ ಇದ್ದ ನಾಡಿನ ಸ್ಥಿತಿಯಿದು.

೫

ಇನ್ನು ಕಾಯಿದೆಯ ಮಾತು. ವಾಹನದ ಸ್ವರೂಪವನ್ನು ಒಡೆಯನು ಮನಬಂದಂತೆ ಬದಲಾಯಿಸಕೂಡದೆಂಬುದು ಹೊಸ ನಿಯಮವೇನಲ್ಲ. ೧೯೩೯ರ ಮೋಟಾರು ವಾಹನ ಕಾಯಿದೆಯಲ್ಲಿಯೇ ಅದರ ಬೀಜವಿದೆ. ೧೯೮೮ರ ಕಾಯಿದೆಯ ೫೨ನೆಯ ಪ್ರಕರಣ ಅದನ್ನು ಮುಂದುವರಿಸಿತು. ೨೦೧೯ರ ತಿದ್ದುಪಡಿಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಮಾರ್ಪಾಡೊಂದಕ್ಕೆ ೫,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ; ವಾಯುಮಾಲಿನ್ಯದ ನಿಯಮ ಮೀರಿದರೆ ೧೦,೦೦೦ ರೂಪಾಯಿವರೆಗೆ ದಂಡ. ೨೦೧೭ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊಗೆ ತಪಾಸಣೆಯ ಪ್ರಮಾಣಪತ್ರವಿಲ್ಲದೆ ವಿಮೆಯನ್ನು ನವೀಕರಿಸಕೂಡದೆಂದು ಆಜ್ಞಾಪಿಸಿತು.

ದಂಡ ಕಠಿಣವಾಗಿದ್ದರೂ ಕಾಯಿದೆಯ ಕಣ್ಣು ಮಂದವಾಗಿದೆ. ಡೀಸೆಲ್ ವಾಹನದ ತಪಾಸಣೆಯಲ್ಲಿ ವಾಹನವನ್ನು ನಿಲ್ಲಿಸಿ, ಆಕ್ಸಲರೇಟರನ್ನು ಥಟ್ಟನೆ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುವುದೆಂದು ಅಳೆಯುತ್ತಾರೆ. ಅಳೆಯುವುದು ಕಣ್ಣಿಗೆ ಕಾಣುವ ಕಪ್ಪನ್ನು ಮಾತ್ರ. ಡೀಸೆಲ್ ಪರಿವರ್ತಕವು ಮುಖ್ಯವಾಗಿ ತಗ್ಗಿಸುವ ಕಾರ್ಬನ್ ಮಾನಾಕ್ಸೈಡಾಗಲಿ, ಅರೆಬೆಂದ ಇಂಧನದ ಆವಿಯಾಗಲಿ ಈ ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಪೆಟ್ಟಿಗೆ ಕಳಚಿದ ವಾಹನವೂ ಎಂಜಿನ್ ಹದವಾಗಿದ್ದರೆ ಪ್ರಮಾಣಪತ್ರ ಪಡೆಯಬಹುದು. ರಾಜ್ಯವು ವಾಹನವನ್ನು ನಿಜವಾಗಿ ಪರೀಕ್ಷಿಸುವುದು ಕಾರ್ಖಾನೆಯ ಬಾಗಿಲಲ್ಲಿ; ಆಮೇಲೆ ಅದು ಓಡುವ ಹತ್ತು ಹದಿನೈದು ವರ್ಷಗಳ ಕಾಲ ಕಾಗದವನ್ನು ಪರೀಕ್ಷಿಸುತ್ತದೆ. ಹೊಸ ದರ್ಜೆಯ ವಾಹನಗಳಲ್ಲಿ ದೋಷವನ್ನು ತಾನೇ ಸೂಚಿಸುವ ವಿದ್ಯುನ್ಮಾನ ಸಾಧನವನ್ನು ಇಟ್ಟಿದ್ದಾರೆ. ಆದರೆ ಅದನ್ನೂ ವಂಚಿಸುವ ಉಪಕರಣಗಳು ಹುಟ್ಟಿಕೊಂಡಿವೆ.

೬

ನಮ್ಮ ನಾಡಿನ ಮೋಟಾರು ಚರಿತ್ರೆಯಲ್ಲಿ ಇದಕ್ಕೊಂದು ಉಪಯುಕ್ತವಾದ ಹೋಲಿಕೆ ದೊರೆಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ದುರ್ಲಭವಾದಾಗ ಬಸ್ಸು ಲಾರಿಗಳಿಗೆ ಇದ್ದಿಲಿನಿಂದ ಅನಿಲ ತಯಾರಿಸುವ ಒಲೆಗಳನ್ನು ಜೋಡಿಸಿದ್ದರು. ಹೊತ್ತಿಸಲು ತಡ, ಏರಿನಲ್ಲಿ ಬಲ ಸಾಲದು, ಮೈಯೆಲ್ಲ ಮಸಿ. ಆದರೂ ಯುದ್ಧ ಮುಗಿದು ಪೆಟ್ರೋಲ್ ಸಲೀಸಾಗುವವರೆಗೂ ಒಡೆಯರು ಅವನ್ನು ಸಹಿಸಿಕೊಂಡರು, ಅನಂತರ ಕಳಚಿಹಾಕಿದರು. ಸಹಿಸಿದ್ದೇಕೆಂದರೆ ಆ ಒಲೆಯಿಲ್ಲದೆ ವಾಹನವೇ ಚಲಿಸುತ್ತಿರಲಿಲ್ಲ. ಪರಿವರ್ತಕದ ವಿಷಯ ಇದಕ್ಕೆ ತದ್ವಿರುದ್ಧ. ಅದಿಲ್ಲದಿದ್ದರೂ ವಾಹನ ಓಡುತ್ತದೆ. ಖರ್ಚು ಒಡೆಯನದು, ಲಾಭ ಹಿಂದೆ ಬರುವವನದು, ರಸ್ತೆಯಂಚಿನ ಶಾಲೆಯ ಮಗುವಿನದು, ಚಹದ ಅಂಗಡಿಯವನದು, ದಿನವೆಲ್ಲ ಅದೇ ಹೊಗೆಯಲ್ಲಿ ದುಡಿಯುವ ಗ್ಯಾರೇಜಿನ ಹುಡುಗನದು. ಡೀಸೆಲ್ ಹೊಗೆ ಮನುಷ್ಯರಲ್ಲಿ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿ ೨೦೧೨ರಲ್ಲಿಯೇ ನಿರ್ಣಯಿಸಿದೆ. ತನ್ನ ಲಾಭಕ್ಕಾಗಿ ಇಟ್ಟುಕೊಂಡ ಸಾಧನವನ್ನು ಜನರು ತಾವೇ ಕಾಪಾಡುತ್ತಾರೆ; ಪರರ ಹಿತಕ್ಕಾಗಿ ಇಟ್ಟ ಸಾಧನವನ್ನು ಸಮಾಜವೇ ಕಾಪಾಡಬೇಕಾಗುತ್ತದೆ.

ಮೇಲ್ಕಂಡ ವಿವೇಚನೆಯಿಂದ ಎರಡು ಅಂಶಗಳು ವಿಶದವಾಗುತ್ತವೆ. ಮೊದಲನೆಯದಾಗಿ, ಈ ರೂಢಿಯನ್ನು ಒಡೆಯನ ಅಜ್ಞಾನವೆಂದೋ ದುರಾಶೆಯೆಂದೋ ತಳ್ಳಿಹಾಕುವುದು ಚರಿತ್ರಕಾರನಿಗೆ ಉಚಿತವಲ್ಲ. ಮಹಾನಗರಕ್ಕೆ ಮೊದಲು, ಜಿಲ್ಲೆಗೆ ಆಮೇಲೆ ಎಂಬ ಕ್ರಮದಲ್ಲಿ ಶುದ್ಧ ಇಂಧನವನ್ನು ಹಂಚಿದ ರಾಜ್ಯವೂ ಇದರಲ್ಲಿ ಭಾಗಿ. ಎರಡನೆಯದಾಗಿ, ೨೦೨೦ರ ತರುವಾಯ ಇಂಧನದ ಈ ತಾರತಮ್ಯ ನೀಗಿದೆ. ಆದ್ದರಿಂದ ಹಳೆಯ ನೆಪ ಈಗ ಸಲ್ಲದು. ತಪಾಸಣೆಯ ವೇಳೆ ವಾಹನದ ಕೆಳಗೆ ಬಗ್ಗಿ, ಪೆಟ್ಟಿಗೆ ಇದೆಯೇ ಎಂದು ನೋಡಿ ಬರೆದಿಡುವ ಒಂದು ನಿಮಿಷದ ಪದ್ಧತಿಗೆ ಹೆಚ್ಚಿನ ಯಂತ್ರವೇನೂ ಬೇಕಾಗಿಲ್ಲ. ಹೊಸ ಪರಿವರ್ತಕ ಕೊಳ್ಳುವ ಸಣ್ಣ ಒಡೆಯನಿಗೆ ಸಾಲದ ಅನುಕೂಲ ಕಲ್ಪಿಸುವುದೂ ಅಷ್ಟೇ ಅವಶ್ಯಕ.

ನಮ್ಮ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಕಳಚುವ ಕೆಲಸಕ್ಕೆ ರಸೀದಿ ಬರೆಯುವ ರೂಢಿಯಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೋಕಗಳ ಹಳೆಯ ಮೆಕ್ಯಾನಿಕ್ಕುಗಳೂ ಚಾಲಕರೂ ಇದನ್ನು ಬಲ್ಲರು. ಇದ್ದಿಲ ಬಸ್ಸನ್ನು ಓಡಿಸಿದ ಪೀಳಿಗೆಯ ಮಾತನ್ನು ನಾವು ಸಾಕಷ್ಟು ಬರೆದಿಟ್ಟುಕೊಳ್ಳಲಿಲ್ಲ. ಈ ಪೀಳಿಗೆಯ ಮಾತನ್ನಾದರೂ, ಹೆಸರು ಬಯಲಾಗದಂತೆ, ಯಾರನ್ನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದೆ, ಸಂಗ್ರಹಿಸತಕ್ಕದ್ದು.